ಹಡ್ಸನ್ ನದಿಯ ಮೇಲಣ ನಡೆದಾರಿ

ಬಾವಿ ತೋಡಿಸುವುದು, ಕೆರೆ ಕಟ್ಟಿಸುವುದು, ದೇವಾಲಯವನ್ನೆತ್ತಿಸುವುದು, ತೋಪು ಹಾಕಿಸುವುದು, ಹಸಿದವರಿಗೆ ಅನ್ನವನ್ನಿಡುವುದು ಮೊದಲಾದ ಕಾರ್ಯಗಳಿಗೆ ನಮ್ಮ ಧರ್ಮಶಾಸ್ತ್ರಕಾರರು 'ಪೂರ್ತ'ವೆಂದು ಹೆಸರಿಟ್ಟಿದ್ದಾರೆ. ಯಜ್ಞಯಾಗಾದಿಗಳು 'ಇಷ್ಟ'. ಇವೆರಡನ್ನೂ ಕೂಡಿಸಿ 'ಇಷ್ಟಾಪೂರ್ತ'ವೆಂದು ಹೇಳುವುದು ರೂಢಿ. ಇಷ್ಟದ ಫಲವು ಮುಖ್ಯವಾಗಿ ಮಾಡಿದವನಿಗೆ ಸೇರತಕ್ಕದ್ದು. ಪೂರ್ತದ ಫಲವಾದರೋ ಮಾಡಿದವನ ಹೆಸರನ್ನೇ ಅರಿಯದ ದಾರಿಹೋಕನಿಗೂ ಸಲ್ಲುವುದು. ದಾರಿಗೆ ನೆರಳು ಮಾಡಿದವನೂ, ಹೊಳೆಗೆ ಸೇತುವೆ ಹಾಕಿಸಿದವನೂ ಈ ಸಾಲಿಗೇ ಸೇರಿದವರೆಂದು ಎಣಿಸಬಹುದು. ಅಶೋಕ ಚಕ್ರವರ್ತಿಯು ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದುದಾಗಿ ತನ್ನ ಸ್ತಂಭಶಾಸನದಲ್ಲಿ ಬರೆಯಿಸಿರುವುದನ್ನು ವಾಚಕರು ಬಲ್ಲರು.

ಆದರೆ ರಾಜನೂ ಇಲ್ಲದೆ, ಶ್ರೀಮಂತನಾದ ದಾನಿಯೂ ಮೊದಲಿಗೆ ಕಾಣದೆ, ಒಂದು ಊರಿನ ಸಾಮಾನ್ಯ ಜನರು ತಾವೇ ಕೈಹಾಕಿದರೆ ಪೂರ್ತಕಾರ್ಯವು ಎಲ್ಲಿಯವರೆಗೆ ಸಾಗೀತು? ಎಲ್ಲಿ ನಿಂತೀತು? ನಿಂತಲ್ಲಿಂದ ಮುಂದಕ್ಕೆ ಹೋಗಬೇಕಾದರೆ ಏನು ಬೇಕು? ಈ ಪ್ರಶ್ನೆಗಳಿಗೆ ಪ್ರತ್ಯಕ್ಷವಾದ ಉತ್ತರವೊಂದು ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿಯ ಮೇಲೆ ನಿಂತಿದೆ. ಕಳೆದ ಶರತ್ಕಾಲದಲ್ಲಿ ಮಗಳ ಮನೆಗೆಂದು ಆ ಸೀಮೆಗೆ ಹೋಗಿದ್ದಾಗ ಅದನ್ನು ಕಣ್ಣಾರೆ ನೋಡಿ, ಅದರ ಮೇಲೆ ನಡೆದು ಬಂದೆನು. ಅದರ ಚರಿತ್ರೆಯು ನಮ್ಮ ಗೃಹಸ್ಥರಿಗೂ ತಿಳಿಯತಕ್ಕದ್ದೆಂದು ತೋರಿದುದರಿಂದ ಇಲ್ಲಿ ಬರೆಯುತ್ತೇನೆ.

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 75 ಮೈಲಿ ದೂರದಲ್ಲಿ, ನದಿಯ ಪೂರ್ವತೀರದಲ್ಲಿ, ಪೊಕಿಪ್ಸಿ ಎಂಬ ಪಟ್ಟಣವಿದೆ. ಇಂಗ್ಲಿಷಿನಲ್ಲಿ ಇದನ್ನು ಬರೆಯುವ ಅಕ್ಷರಗಳಿಗೂ ಇದರ ಉಚ್ಚಾರಣೆಗೂ ಇರುವ ಸಂಬಂಧ ಬಹಳ ಕಡಮೆ. ಕಾಗುಣಿತವನ್ನು ನಂಬಿ ಓದುವ ನಮ್ಮಂಥವರು ಅಲ್ಲಿ ಎಡವುವುದು ಸಹಜ. ನಗರದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಎರಡು ಗಂಟೆಗಳ ಒಳಹೊರಗಿನಲ್ಲಿ ಪೊಕಿಪ್ಸಿಯನ್ನು ಸೇರಬಹುದು. ರೈಲುದಾರಿಯ ಬಹುಭಾಗವು ನದಿಯ ದಡವನ್ನೇ ಹಿಡಿದು ಹೋಗುವುದರಿಂದ, ಹೋಗುವಾಗ ಎಡಬದಿಯ ಕಿಟಕಿಯ ಬಳಿ ಕುಳಿತವರಿಗೆ ನೀರು, ಬೆಟ್ಟ, ಎದುರುದಡದ ಕಾಡು ಇವುಗಳನ್ನು ನೋಡುತ್ತಾ ಪ್ರಯಾಣದ ಆಯಾಸವು ತಿಳಿಯುವುದಿಲ್ಲ. ನದಿಯ ಪಶ್ಚಿಮತೀರದಲ್ಲಿ, ಪೊಕಿಪ್ಸಿಗೆ ಎದುರಾಗಿ, ಹೈಲಂಡ್ ಎಂಬ ಚಿಕ್ಕ ಊರು.

ಈ ನದಿಯ ವಿಷಯದಲ್ಲಿ ಒಂದು ವಿಶೇಷವನ್ನು ಹೇಳಬೇಕು. ಸಮುದ್ರದ ಭರತ ಇಳಿತಗಳು ಹಡ್ಸನ್ನಿನಲ್ಲಿ ಸುಮಾರು 150 ಮೈಲಿಗಳಷ್ಟು ಒಳನಾಡಿನವರೆಗೂ, ಟ್ರಾಯ್ ಎಂಬ ಪಟ್ಟಣದವರೆಗೂ, ಹಬ್ಬುತ್ತವೆ. ಭರತದ ಹೊತ್ತಿನಲ್ಲಿ ಪೊಕಿಪ್ಸಿಯ ಬಳಿ ನಿಂತು ನೋಡಿದರೆ ನೀರು ಸಮುದ್ರದ ಕಡೆಗೆ ಹೋಗುವುದನ್ನು ಬಿಟ್ಟು ಉತ್ತರಕ್ಕೆ, ಮೇಲುಮುಖವಾಗಿ ಹರಿಯುವುದು. ಆ ನಾಡಿನ ಮೂಲನಿವಾಸಿಗಳು ಇದಕ್ಕೆ ಎರಡು ಕಡೆಗೂ ಹರಿಯುವ ನದಿಯೆಂಬ ಅರ್ಥ ಬರುವ ಹೆಸರಿಟ್ಟಿದ್ದರು. ಯೋಗಸೂತ್ರದ ಭಾಷ್ಯಕಾರರು ಮನುಷ್ಯನ ಚಿತ್ತವನ್ನು ಹೀಗೆಯೇ ಎರಡು ಕಡೆಗೂ ಹರಿಯುವ ನದಿಗೆ ಹೋಲಿಸಿದ್ದಾರೆ; ಅದು ಒಳಿತಿನ ಕಡೆಗೂ ಹರಿಯುವುದು, ಕೇಡಿನ ಕಡೆಗೂ ಹರಿಯುವುದು. ಭಾಷ್ಯವನ್ನು ಓದಿದಾಗ ಇದು ಬರಿಯ ಉಪಮಾನವೆಂದು ತಿಳಿದಿದ್ದೆನು. ಅಂಥ ನದಿಯು ಲೋಕದಲ್ಲಿ ನಿಜವಾಗಿಯೂ ಉಂಟೆಂಬುದು ಅಲ್ಲಿ ಕಂಡುಬಂದಿತು.

ಇನ್ನು ಸೇತುವೆಯ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಲ್ಬನಿ ಪಟ್ಟಣದಿಂದ ಕೆಳಗೆ ನ್ಯೂಯಾರ್ಕ್ ನಗರದವರೆಗೂ ಹಡ್ಸನ್ನಿಗೆ ಒಂದೂ ಸೇತುವೆ ಇರಲಿಲ್ಲ. ಪೆನ್ಸಿಲ್ವೇನಿಯದ ಗಣಿಗಳ ಕಲ್ಲಿದ್ದಲು ನದಿಯನ್ನು ದಾಟಿ ಪೂರ್ವದ ಕಾರ್ಖಾನೆಗಳಿಗೆ ಹೋಗಬೇಕಾದರೆ ದೋಣಿಗಳನ್ನು ಕಾಯಬೇಕಾಗಿತ್ತು. ಈ ಕೊರತೆಯನ್ನು ನೀಗಲೆಂದು 1871ರಲ್ಲಿ ಒಂದು ಕಂಪೆನಿಯು ಸರ್ಕಾರದಿಂದ ಅನುಮತಿಯನ್ನು ಪಡೆಯಿತು. 1873ರ ಡಿಸೆಂಬರಿನಲ್ಲಿ ಅಸ್ತಿಭಾರದ ಕಲ್ಲನ್ನೂ ಇಟ್ಟರು. ಆ ವರ್ಷವೇ ಅಮೆರಿಕದ ಹಣದ ಪೇಟೆಯು ಕುಸಿದುಬಿದ್ದುದರಿಂದ ಕೆಲಸ ನಿಂತಿತು. 1876ರಲ್ಲಿ ಮತ್ತೊಂದು ಕಂಪೆನಿ ಕೈಹಾಕಿ, ಕೆಲವು ವರ್ಷಗಳಲ್ಲಿಯೇ ಅದೂ ಸೋತು ಹಿಂಜರಿಯಿತು. 1886ರಲ್ಲಿ ಮೂರನೆಯ ಸಲ ಪ್ರಾರಂಭವಾದ ಕೆಲಸವು ನಿಲ್ಲದೆ ಸಾಗಿ, 1888ರ ಕೊನೆಯಲ್ಲಿ ಮುಗಿದು, 1889ರ ಮೊದಲಲ್ಲಿ ರೈಲು ಸಂಚಾರಕ್ಕೆ ಒದಗಿತು.

ಆ ಕಾಲಕ್ಕೆ ಅದು ಲೋಕದ ಅತ್ಯಂತ ಉದ್ದವಾದ ಸೇತುವೆಗಳಲ್ಲಿ ಒಂದಾಗಿತ್ತು. ಎರಡು ಕಡೆಯ ಏರುದಾರಿಗಳೂ ಸೇರಿ ಅದರ ಉದ್ದ 6,768 ಅಡಿ, ಎಂದರೆ ಒಂದೂಕಾಲು ಮೈಲಿಗಿಂತ ಸ್ವಲ್ಪ ಹೆಚ್ಚು. ನೀರಿನಿಂದ ಮೇಲಕ್ಕೆ 212 ಅಡಿ ಎತ್ತರ. ನದಿಯ ತಳದಲ್ಲಿ ಕೆಸರು ಬಹು ಆಳವಾಗಿದ್ದುದರಿಂದ ಮರದ ದೊಡ್ಡ ಪೆಟ್ಟಿಗೆಗಳನ್ನು ನೂರು ಅಡಿಗೂ ಹೆಚ್ಚು ಆಳಕ್ಕೆ ಇಳಿಸಿ, ಅವುಗಳ ಮೇಲೆ ಕಲ್ಲಿನ ಕಂಬಗಳನ್ನು ಕಟ್ಟಿ, ಕಲ್ಲಿನ ಮೇಲೆ ಉಕ್ಕಿನ ಗೋಪುರಗಳನ್ನು ನಿಲ್ಲಿಸಿದರು. ಗೋಪುರಗಳಿಂದ ಎರಡು ಕಡೆಗೂ ತೋಳುಗಳನ್ನು ಚಾಚಿಸಿ, ತೋಳಿನ ತುದಿಗಳ ನಡುವೆ ಮತ್ತೊಂದು ಭಾಗವನ್ನು ಕೂರಿಸುವ ಪದ್ಧತಿಯನ್ನು ಅಲ್ಲಿ ಅನುಸರಿಸಿದ್ದಾರೆ. ಹಡಗುಗಳು ಓಡಾಡುವ ನದಿಯ ನಡುವೆ ಕಂಬಗಳ ಸಂಖ್ಯೆಯನ್ನು ಕಡಮೆ ಮಾಡುವುದಕ್ಕೆ ಇದು ತಕ್ಕ ಉಪಾಯ. ಮುಂದೆ ರೈಲುಗಳ ಭಾರ ಹೆಚ್ಚಿದಂತೆಲ್ಲಾ ಉಕ್ಕನ್ನು ಸೇರಿಸಿ ಸೇತುವೆಯನ್ನು ಬಲಪಡಿಸುತ್ತಾ ಬಂದರು. 1895ರಿಂದ 1949ರವರೆಗೆ ಅಮೆರಿಕದ ವಿದ್ಯಾಲಯಗಳ ತರುಣರು ಪೊಕಿಪ್ಸಿಯಲ್ಲಿ ದೋಣಿಯ ಪಂದ್ಯಗಳನ್ನು ನಡೆಸುತ್ತಿದ್ದ ಕಾಲದಲ್ಲಿ, ಜನಜಂಗುಳಿಯ ನಡುವೆ ಆ ದೋಣಿಗಳು ಇದೇ ಸೇತುವೆಯ ಅಡಿಯಲ್ಲಿ ನುಗ್ಗಿಹೋಗುತ್ತಿದ್ದವು.

ವೈಭವಕ್ಕೆ ಕೊನೆಯುಂಟು. ಎರಡನೆಯ ಮಹಾಯುದ್ಧವಾದ ಮೇಲೆ ಸರಕು ಸಾಗಣೆಯು ರೈಲನ್ನು ಬಿಟ್ಟು ಮೋಟಾರು ಲಾರಿಗಳಿಗೆ ತಿರುಗಿತು. ಸೇತುವೆಯ ಒಡೆತನಕ್ಕೆ ಬಂದಿದ್ದ ಪೆನ್ ಸೆಂಟ್ರಲ್ ಎಂಬ ರೈಲು ಕಂಪೆನಿಯು 1970ರಲ್ಲಿ ದಿವಾಳಿಯಾಯಿತು. 1974ರ ಮೇ 8ರಂದು ಸೇತುವೆಯ ಮೇಲೆ ಬೆಂಕಿ ಹತ್ತಿ, ಕಂಬಿಗಳ ಅಡಿಯಲ್ಲಿದ್ದ ಮರದ ದಿಮ್ಮಿಗಳು ನೂರಾರು ಅಡಿಗಳ ದೂರ ಸುಟ್ಟುಹೋದವು. ಅಂದಿಗೆ ರೈಲು ನಿಂತಿತು, ಮತ್ತೆ ಓಡಲಿಲ್ಲ. ರಿಪೇರಿ ಮಾಡಿಸುವ ಮನಸ್ಸು ಯಾರಿಗೂ ಬರಲಿಲ್ಲ. 1979ರಲ್ಲಿ ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಅದರ ಹೆಸರನ್ನು ಸೇರಿಸಿದರು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಉಕ್ಕಿನ ತುಕ್ಕು ಹೋಗುವುದೇ? 1984ರಲ್ಲಿ ಆಗಿನ ರೈಲು ಕಂಪೆನಿಯು ಆ ಮಹಾಸೇತುವೆಯನ್ನು ಖಾಸಗಿಯವರೊಬ್ಬರಿಗೆ ಒಂದು ಡಾಲರಿಗೆ ಮಾರಿ ಕೈತೊಳೆದುಕೊಂಡಿತು. ಒಂದು ಡಾಲರು! ವಾಸ್ತವವಾಗಿ ಅದು ಬೆಲೆಯಾಗಿರಲಿಲ್ಲ. ಹೊರೆಯನ್ನು ಇಳಿಸಿಕೊಂಡುದಕ್ಕೆ ಬರೆದುಕೊಂಡ ಚೀಟಿಯಾಗಿತ್ತು. ಅಲ್ಲಿಂದ ಮುಂದೆ ಅದು ದಿಕ್ಕಿಲ್ಲದ ವಸ್ತು. ಊರಿನ ಮನೆಗಳ ಮೇಲೆ, ಬೀದಿಗಳ ಮೇಲೆ ಅದು ಕರಿಯ ನೆರಳಿನಂತೆ ನಿಂತಿತ್ತು. ಕೆಡವಿಹಾಕೋಣವೆಂದರೆ ಕೆಡಹುವ ಖರ್ಚೇ ಕೋಟಿಗಟ್ಟಲೆ ಡಾಲರಾಗುವಂತಿತ್ತು.

ಇಷ್ಟರಲ್ಲಿ ಅಮೆರಿಕದಲ್ಲಿ ಬೇರೊಂದು ಆಲೋಚನೆಯು ಬೇರೂರಿತ್ತು. ಅದರ ಮೊದಲಿಗರಲ್ಲಿ ಒಬ್ಬಾಕೆ ನಮ್ಮ ವೃತ್ತಿಯವರೇ. ಶಿಕಾಗೋ ನಗರದ ಬಳಿಯ ಮಾರ್ಟನ್ ಸಸ್ಯೋದ್ಯಾನದಲ್ಲಿ ಜನರಿಗೆ ಗಿಡಮರಗಳ ಪಾಠ ಹೇಳುತ್ತಿದ್ದ ಮೇ ವಾಟ್ಸ್ ಎಂಬ ವಿದುಷಿ, ತಮ್ಮ ಎಪ್ಪತ್ತರ ವಯಸ್ಸಿನಲ್ಲಿ, 1963ರಲ್ಲಿ, ಶಿಕಾಗೋದ ದಿನಪತ್ರಿಕೆಯೊಂದಕ್ಕೆ ಕಾಗದ ಬರೆದು, ಪಾಳುಬಿದ್ದ ರೈಲುದಾರಿಯನ್ನು ಕಾಲ್ನಡೆಯವರ ದಾರಿಯಾಗಿ ಉಳಿಸಿಕೊಳ್ಳಬೇಕೆಂದು ಸೂಚಿಸಿದರು. ಕಾಗದವನ್ನು ಓದಿದ ನೆರೆಹೊರೆಯವರು ಒಂದುಗೂಡಿ ಸಂಘ ಮಾಡಿಕೊಂಡು, ವಂತಿಗೆಯೆತ್ತಿ, ಮೈಮುರಿದು ದುಡಿದು, 'ಇಲಿನಾಯ್ ಪ್ರೇರಿ ಪಾತ್' ಎಂಬ ದಾರಿಯನ್ನು ಮಾಡಿದರು. ಇಂದು ಅದರ ಉದ್ದ ಸುಮಾರು 60 ಮೈಲಿ. ಅಲ್ಲಿಂದೀಚೆಗೆ ಆ ದೇಶದಲ್ಲಿ ರೈಲುದಾರಿಗಳು ನಡೆದಾರಿಗಳಾಗಿ ಮಾರ್ಪಟ್ಟಿರುವುದು 20,000 ಮೈಲಿಗಳಿಗೂ ಹೆಚ್ಚು. ಪತ್ರಿಕೆಗೆ ಬರೆದ ಒಂದು ಕಾಗದದಿಂದ ಏನಾದೀತೆಂದು ಉದಾಸೀನ ಮಾಡುವವರು ಇದನ್ನು ನೆನೆಯಬೇಕು.

ಪೊಕಿಪ್ಸಿಯಲ್ಲಿ ಈ ಕೆಲಸಕ್ಕೆ ಮುಂದಾದವರು ಬಿಲ್ ಸೆಪೆ ಎಂಬುವರು. 1992ರಲ್ಲಿ ಅವರೂ ಅವರ ಜೊತೆಯವರೂ 'ವಾಕ್‌ವೇ ಓವರ್ ದಿ ಹಡ್ಸನ್' ಎಂಬ ಹೆಸರಿನ ಸಂಘವೊಂದನ್ನು ಸ್ಥಾಪಿಸಿದರು. ಹಡ್ಸನ್ನಿನ ಮೇಲಣ ನಡೆದಾರಿಯೆಂಬುದು ಅದರ ಅರ್ಥ. ಸುಟ್ಟ ಮರ, ತುಕ್ಕುಹಿಡಿದ ಕಂಬಿ, 212 ಅಡಿಯ ಕೆಳಗೆ ನೀರು. ಇಷ್ಟನ್ನು ತೋರಿಸಿ, ಇದರ ಮೇಲೆ ಮುದುಕರೂ ಮಕ್ಕಳೂ ಗಾಳಿಸಂಚಾರ ಮಾಡುವರೆಂದು ಹೇಳಿದರೆ ನಂಬುವವರು ಎಷ್ಟು ಜನ? ಆದರೂ ಸಂಘವು ಒಡೆಯಲಿಲ್ಲ. ಸಣ್ಣಪುಟ್ಟ ವಂತಿಗೆಗಳನ್ನು ಕೂಡಿಸುತ್ತಾ, ಜನರ ಶ್ರಮದಾನವನ್ನು ಬೇಡುತ್ತಾ, ಬಂದವರಿಗೆಲ್ಲಾ ಸೇತುವೆಯ ಕಥೆಯನ್ನು ಹೇಳುತ್ತಾ ಆರು ವರ್ಷ ಕಾದು, 1998ರಲ್ಲಿ ಸೇತುವೆಯ ಒಡೆತನವನ್ನೇ ಸಂಘವು ತನ್ನ ಹೆಸರಿಗೆ ಮಾಡಿಕೊಂಡಿತು. ಒಂದೂಕಾಲು ಮೈಲಿಯ ಉಕ್ಕಿನ ಸೇತುವೆಯು ಕೆಲವು ಮಂದಿ ನೆರೆಹೊರೆಯವರ ಸ್ವತ್ತಾದುದು ಹೀಗೆ.

ಇಲ್ಲಿ ಧರ್ಮಸಂಕಟವೊಂದು ಹುಟ್ಟಿತು. ಈ ಚರಿತ್ರೆಯಲ್ಲಿ ವಿಚಾರಾರ್ಹವಾದ ಭಾಗವು ಇದೇ. ಸೆಪೆಯವರ ಸಂಕಲ್ಪವು ಬಹು ಶುದ್ಧವಾದದ್ದು. ಸರ್ಕಾರದ ಹಣ ಬೇಡ, ಸಾಲವೂ ಬೇಡ. ಜನರು ಕೊಟ್ಟ ವಂತಿಗೆ, ಜನರು ಮಾಡಿದ ದುಡಿಮೆ ಇವುಗಳಿಂದಲೇ, ಎಷ್ಟು ಕಾಲವಾದರೂ ಆಗಲಿ, ಹಲಗೆಯ ಮೇಲೆ ಹಲಗೆ ಹಾಸುತ್ತಾ ಹೋಗೋಣ ಎಂಬುದು ಅವರ ಮತ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆಯೆಂದು ನಮ್ಮವರೂ ಹೇಳುವುದಿಲ್ಲವೇ? ಹಾಗೆ ಕಟ್ಟಿದ ದಾರಿಯ ಮೇಲೆ ಮತ್ತಾರ ಅಧಿಕಾರವೂ ಇರದು. ಆದರೆ ಸಂಘದಲ್ಲಿ ಬೇರೆ ಮತದವರೂ ಇದ್ದರು. ಹಲಗೆ ಹಾಸುವ ವೇಗಕ್ಕಿಂತ ಉಕ್ಕು ಸವೆಯುವ ವೇಗ ಹೆಚ್ಚಾದರೆ ಗತಿಯೇನು? ಇಂದು ಹತ್ತು ಡಾಲರು ಕೊಟ್ಟ ಮುದುಕಿಯು ತಾನು ಕೊಟ್ಟ ದಾರಿಯ ಮೇಲೆ ಒಂದು ದಿನವಾದರೂ ನಡೆಯುವುದು ಬೇಡವೇ? ಎಂದು ಅವರ ಆಕ್ಷೇಪ. ಎರಡು ಪಕ್ಷಗಳಲ್ಲಿಯೂ ನ್ಯಾಯವಿದೆ. ಕೊನೆಗೆ 2004ರಲ್ಲಿ ಎರಡನೆಯ ಪಕ್ಷವೇ ಗೆದ್ದು, ವಕೀಲರೂ ಬೈಸಿಕಲ್ ಸವಾರಿಯಲ್ಲಿ ಆಸಕ್ತರೂ ಆದ ಫ್ರೆಡ್ ಶೇಫರ್ ಎಂಬುವರು ಸಂಘದ ಅಧ್ಯಕ್ಷರಾದರು. ಹನ್ನೆರಡು ವರ್ಷ ಸೇತುವೆಯನ್ನು ಎದೆಗವಚಿಕೊಂಡಿದ್ದವರು ಹಿಂದೆ ಸರಿಯಬೇಕಾಯಿತು.

ಹೊಸ ಆಡಳಿತವು ದೊಡ್ಡ ಬಾಗಿಲುಗಳನ್ನು ತಟ್ಟಿತು. ಆ ಸೀಮೆಯ ಡೈಸನ್ ಕುಟುಂಬದ ದತ್ತಿಸಂಸ್ಥೆಯು ಹಣ ಕೊಟ್ಟುದಲ್ಲದೆ ಇತರರನ್ನು ಒಪ್ಪಿಸುವುದರಲ್ಲಿಯೂ ನೆರವಾಯಿತು. ಎಂಜಿನಿಯರುಗಳು ನೀರಿನೊಳಗಿನ ಕಂಬಗಳಿಂದ ಹಿಡಿದು ಮೇಲಣ ಉಕ್ಕಿನವರೆಗೆ ಪರೀಕ್ಷೆಮಾಡಿ ನೋಡಿದರು. ಸಾಲುಸಾಲಾಗಿ ಕಲ್ಲಿದ್ದಲಿನ ಬಂಡಿಗಳನ್ನು ಹೊರಲೆಂದು ಕಟ್ಟಿದ ಸೇತುವೆಯಾದುದರಿಂದ ಕಾಲ್ನಡೆಯ ಜನರ ಭಾರವು ಅದಕ್ಕೆ ಲೆಕ್ಕಕ್ಕೆ ಬರುವಂತಿರಲಿಲ್ಲ. ರಾಜ್ಯ ಸರ್ಕಾರದ ಹಣ, ಕೇಂದ್ರದ ಹಣ, ಖಾಸಗಿ ದಾನ ಇವೆಲ್ಲವೂ ಕೂಡಿಬಂದುವು. 2008ರಲ್ಲಿ ಕೆಲಸ ಮೊದಲಾಯಿತು. ಹಳೆಯ ಕಂಬಿಗಳನ್ನೂ ದಿಮ್ಮಿಗಳನ್ನೂ ಕಿತ್ತು, ಬೇರೆಡೆಯಲ್ಲಿ ಎರಕಹೊಯ್ದು ತಂದ ಕಾಂಕ್ರೀಟಿನ ನೂರಾರು ದೊಡ್ಡ ಚಪ್ಪಡಿಗಳನ್ನು ಒಂದರ ಪಕ್ಕಕ್ಕೊಂದನ್ನು ಇಡುತ್ತಾ ಬಂದು, ಎರಡು ಕಡೆಗೂ ಭದ್ರವಾದ ಕಟಕಟೆಯನ್ನು ಹಾಕಿದರು. ಒಟ್ಟು ಖರ್ಚು 3 ಕೋಟಿ 88 ಲಕ್ಷ ಡಾಲರು. ಹೆನ್ರಿ ಹಡ್ಸನ್ ಎಂಬ ನಾವಿಕನು 1609ರಲ್ಲಿ ಈ ನದಿಯನ್ನು ಹೊಕ್ಕು ನಾಲ್ಕುನೂರು ವರ್ಷಗಳು ತುಂಬಿದ ಉತ್ಸವದ ವರ್ಷದಲ್ಲಿಯೇ, 2009ರ ಅಕ್ಟೋಬರ್ 3ರಂದು, ನಡೆದಾರಿಯನ್ನು ಜನರಿಗೆ ತೆರೆದರು.

ನಾವು ಹೋದುದು ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ. ಪ್ರವೇಶಕ್ಕೆ ಹಣವಿಲ್ಲ. ಪೊಕಿಪ್ಸಿಯ ಕಡೆಯಿಂದ ಹೊರಟರೆ ಮೊದಲು ಸ್ವಲ್ಪ ದೂರ ಕೆಳಗೆ ನೆಲವೇ ಕಾಣುತ್ತದೆ. ಮನೆಗಳ ಮಾಡುಗಳು, ಹಿತ್ತಿಲುಗಳಲ್ಲಿ ಒಣಹಾಕಿದ ಬಟ್ಟೆ, ಬೀದಿಯಲ್ಲಿ ಓಡುವ ಕಾರುಗಳು. ಗೋಪುರದ ಮೇಲಿಂದ ಊರನ್ನು ನೋಡಿದಂತೆ. ಆಮೇಲೆ ಒಮ್ಮೆಗೇ ನೆಲ ಮುಗಿದು ನೀರು. ಗಾಳಿಯು ಬಲವಾಗಿ ಬೀಸುತ್ತಿತ್ತು; ಶಾಲನ್ನು ಕಿವಿಯವರೆಗೂ ಸುತ್ತಿಕೊಂಡೆನು. ದಕ್ಷಿಣಕ್ಕೆ, 1930ರಲ್ಲಿ ಮೋಟಾರುಗಳಿಗಾಗಿ ಕಟ್ಟಿದ ಮಿಡ್-ಹಡ್ಸನ್ ತೂಗುಸೇತುವೆ. ದೂರದಲ್ಲಿ ನೀಲಿಯಾಗಿ ಮಲಗಿದ ಬೆಟ್ಟಗಳು. ಎರಡು ದಡಗಳ ಮರಗಳೂ ಕೆಂಪು, ಹಳದಿ, ಕಂದು ಬಣ್ಣಗಳನ್ನು ತಳೆದು, ನಮ್ಮ ಮಲೆನಾಡಿನಲ್ಲಿ ಮುತ್ತುಗ ಹೂಬಿಟ್ಟ ಕಾಲವನ್ನು ನೆನಪಿಗೆ ತರುತ್ತಿದ್ದವು. ಪೂರ್ವದ ದಡದಲ್ಲಿ ಜನರ ರೈಲು, ಪಶ್ಚಿಮದ ದಡದಲ್ಲಿ ಸರಕಿನ ರೈಲು. ಎರಡೂ ಆಟದ ಸಾಮಾನಿನಂತೆ ಕಾಲಡಿಯಲ್ಲಿ ಹರಿದುಹೋದವು. ಒಂದು ಕಾಲದಲ್ಲಿ ರೈಲು ಮೇಲೆ ಹೋಗುತ್ತಿತ್ತು, ಜನರು ಕೆಳಗಿನಿಂದ ನೋಡುತ್ತಿದ್ದರು. ಈಗ ಜನರು ಮೇಲೆ, ರೈಲು ಕೆಳಗೆ.

ನಡೆಯುವವರನ್ನು ನೋಡುವುದೇ ಒಂದು ಸಂತೋಷ. ಓಡುವ ತರುಣರು, ಮಗುವಿನ ಗಾಡಿಯನ್ನು ತಳ್ಳುವ ತಾಯಂದಿರು, ಗಾಲಿಕುರ್ಚಿಯಲ್ಲಿ ಕುಳಿತ ವೃದ್ಧರು, ನಾಯಿಯನ್ನು ಕರೆತಂದವರು, ಕೈಹಿಡಿದು ಮೆಲ್ಲಗೆ ಬರುವ ವೃದ್ಧದಂಪತಿಗಳು. ದಾರಿಯು ಸಮತಟ್ಟಾದುದರಿಂದ ಅರವತ್ತು ದಾಟಿದ ಮೊಣಕಾಲುಗಳಿಗೂ ತೊಂದರೆಯಿಲ್ಲ. ಎದುರಿಗೆ ಬಂದವರು ಅಪರಿಚಿತರಾದರೂ ಮುಗುಳುನಕ್ಕು ಶುಭವಾಗಲೆಂದು ಹೇಳಿ ಮುಂದೆ ಹೋಗುತ್ತಾರೆ. ಸಂಘದ ಸ್ವಯಂಸೇವಕರೊಬ್ಬರು, ನನಗಿಂತಲೂ ಹಿರಿಯರು, ದಾರಿ ತಿಳಿಯದವರಿಗೆ ದಾರಿ ತೋರಿಸುತ್ತಾ ನಿಂತಿದ್ದರು.

ಸೇತುವೆಯ ನಡುವೆ ಬಂದಾಗ ಹತ್ತು ವರ್ಷದ ಮೊಮ್ಮಗನು, "ತಾತ, ಇದು ಯಾರದು?" ಎಂದು ಕೇಳಿದನು.

"ಸರ್ಕಾರದ್ದಪ್ಪ. ಉದ್ಯಾನದ ಇಲಾಖೆಯವರು ನೋಡಿಕೊಳ್ಳುತ್ತಾರೆ" ಎಂದೆನು. ಕಾಗದಪತ್ರದ ಮಟ್ಟಿಗೆ ಇದು ಸರಿಯಾದ ಉತ್ತರ. ನಡೆದಾರಿಯು ಈಗ ರಾಜ್ಯದ ಉದ್ಯಾನಗಳಲ್ಲಿ ಒಂದಾಗಿದೆ.

ಹುಡುಗನಿಗೆ ಸಮಾಧಾನವಾಗಲಿಲ್ಲ. ಹತ್ತಿರ ನಿಂತಿದ್ದ ಆ ಸ್ವಯಂಸೇವಕರ ಬಳಿಗೆ ಹೋಗಿ ಅದೇ ಪ್ರಶ್ನೆಯನ್ನು ಕೇಳಿದನು. ಅವರು ನಕ್ಕು ಏನೋ ಹೇಳಿದರು. ಹುಡುಗನು ಓಡಿಬಂದು, "ಅವರದಂತೆ, ತಾತ! ಅವರೂ ದುಡ್ಡು ಕೊಟ್ಟಿದ್ದಾರಂತೆ" ಎಂದನು.

"ಎಷ್ಟು ಕೊಟ್ಟಿದ್ದಾರಂತೆ, ಕೇಳಿದೆಯೇನೋ?" ಎಂದಳು ಮಗಳು.

"ಕೇಳಿದೆ, ಅಮ್ಮ. ಜ್ಞಾಪಕವಿಲ್ಲವಂತೆ. ಮರಳಿ ಮರಳಿ ಕೊಟ್ಟಿದ್ದಾರಂತೆ."

ಈ ಮಾತಿನಲ್ಲಿ ಲೆಕ್ಕಪತ್ರಕ್ಕೆ ಸಿಕ್ಕದ ವಿಷಯವೊಂದಿದೆ. ಸುಮಾರು ನಾಲ್ಕು ಕೋಟಿ ಡಾಲರಿನ ಕೆಲಸದಲ್ಲಿ ಇಂಥವರು ಕೊಟ್ಟ ಸಣ್ಣ ವಂತಿಗೆಗಳ ಪಾಲು ಅಲ್ಪ. ಲೆಕ್ಕಿಗನು ನೋಡಿದರೆ, ದೊಡ್ಡ ದತ್ತಿಯೂ ಸರ್ಕಾರವೂ ಸೇರಿ ಸೇತುವೆಯನ್ನು ಕಟ್ಟಿದುವು, ಊರಿನವರದು ಬರಿಯ ಹಾರೈಕೆ, ಎಂದಾನು. ಆದರೆ 1992ರಿಂದ ಮುಂದಕ್ಕೆ, ಸುಟ್ಟ ಸೇತುವೆಯನ್ನು ನಮ್ಮದೆಂದು ಹೇಳುವ ಧೈರ್ಯವನ್ನು ತೋರಿಸಿದವರು ಯಾರು? ಅವರು ಹೇಳದೆ ಇದ್ದಿದ್ದರೆ ದೊಡ್ಡ ದತ್ತಿಯವರು ಯಾರ ಕೈಗೆ ಹಣ ಕೊಡುತ್ತಿದ್ದರು? ಸರ್ಕಾರವು ಯಾರ ಅರ್ಜಿಯ ಮೇಲೆ ಸಹಿ ಹಾಕುತ್ತಿತ್ತು? ಸಣ್ಣ ವಂತಿಗೆಯು ಸೇತುವೆಯನ್ನು ಕಟ್ಟಿ ಮುಗಿಸಲಾರದೆ ಹೋದರೂ, ಕಟ್ಟುವ ದಿನ ಬರುವವರೆಗೆ ಅದನ್ನು ಉಳಿಸಿಕೊಟ್ಟಿತು. ದೊಡ್ಡದನ್ನು ಕೇಳುವ ಹಕ್ಕು ಅದರಿಂದ ಹುಟ್ಟಿತು. ಸೆಪೆಯವರಿಗೂ ಶೇಫರರಿಗೂ ನಡುವೆ ಮತಭೇದವಿದ್ದಿರಬಹುದು. ನೋಡುವ ನನಗೆ ಒಬ್ಬರು ಬೇರಿನಂತೆ, ಇನ್ನೊಬ್ಬರು ಹಣ್ಣಿನಂತೆ ಕಂಡರು. ಹಣ್ಣನ್ನು ತಿನ್ನುವವರು ಬೇರನ್ನು ನೋಡುವುದಿಲ್ಲ. ಅದು ಲೋಕಸ್ವಭಾವ.

ನಡೆದಾರಿಯನ್ನು ತೆರೆದ ಮೇಲೂ ಕೆಲಸ ನಿಲ್ಲಲಿಲ್ಲ. 2013ರ ವೇಳೆಗೆ ಪೂರ್ವದ ಕಡೆಯಿಂದ ಹಳೆಯ ರೈಲುದಾರಿಯೊಂದರ ಮೇಲೆ ಮಾಡಿದ 13 ಮೈಲಿಗಳ ನಡೆದಾರಿಯು ಬಂದು ಸೇತುವೆಯನ್ನು ಕೂಡಿತು. 2014ರಲ್ಲಿ ಪೊಕಿಪ್ಸಿಯ ನದೀತೀರದಿಂದ ಮೇಲಕ್ಕೆ ಗಾಜಿನ ಲಿಫ್ಟೊಂದನ್ನು ನಿಲ್ಲಿಸಿದರು. ರೈಲಿನಿಂದಿಳಿದು ಸ್ವಲ್ಪ ನಡೆದವನು ಅದರೊಳಕ್ಕೆ ಹೊಕ್ಕರೆ ಇಪ್ಪತ್ತೊಂದು ಅಂತಸ್ತಿನ ಎತ್ತರವನ್ನು ಕ್ಷಣಾರ್ಧದಲ್ಲಿ ಏರಿ ಸೇತುವೆಯ ಮೇಲಿರುತ್ತಾನೆ. ಹೈಲಂಡಿನ ಕಡೆಯಲ್ಲಿಯೂ ಹಳೆಯ ರೈಲುದಾರಿಯೇ ನಡೆದಾರಿಯಾಗಿ ಮುಂದುವರಿದಿದೆ. ನ್ಯೂಯಾರ್ಕ್ ನಗರದಿಂದ ಹೊರಟು ರಾಜ್ಯವನ್ನೆಲ್ಲಾ ಹಾದು 750 ಮೈಲಿಗಳಷ್ಟು ಹೋಗುವ ದೊಡ್ಡ ಹಾದಿಯೊಂದು 2020ರ ಕೊನೆಯಲ್ಲಿ ಪೂರ್ತಿಯಾದಾಗ, ಈ ಸೇತುವೆಯೂ ಅದರ ಒಂದು ಕೊಂಡಿಯಾಯಿತು. ವರ್ಷವರ್ಷವೂ ಲಕ್ಷಾಂತರ ಜನರು ಅಲ್ಲಿ ನಡೆಯುತ್ತಾರೆ. ಒಡೆತನವನ್ನು ರಾಜ್ಯಕ್ಕೆ ಬಿಟ್ಟುಕೊಟ್ಟ ಸಂಘವು ತನ್ನ ಕೆಲಸ ಮುಗಿಯಿತೆಂದು ಬಾಗಿಲು ಹಾಕದೆ, ಈಗಲೂ ವಂತಿಗೆಯೆತ್ತುತ್ತಾ ಸ್ವಯಂಸೇವಕರನ್ನು ಒದಗಿಸುತ್ತಾ ಇದೆ.

ಇದನ್ನೆಲ್ಲಾ ನೋಡಿದಾಗ ನಮ್ಮ ಕಾವೇರಿಯ ಶಿವನಸಮುದ್ರವು ಜ್ಞಾಪಕಕ್ಕೆ ಬಾರದೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರೆಂಬ ಗೃಹಸ್ಥರು ಅಲ್ಲಿ ನದಿಯ ಎರಡು ಕವಲುಗಳಿಗೂ ತಮ್ಮ ಸ್ವಂತ ಖರ್ಚಿನಿಂದ ಕಲ್ಲಿನ ಸೇತುವೆಗಳನ್ನು ಕಟ್ಟಿಸಿದರು. ಬಂಡೆಯ ತಳದ ಮೇಲೆ ಕಲ್ಲಿನ ಕಂಬಗಳನ್ನು ನೆಟ್ಟು, ಅವುಗಳ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿದ ನಮ್ಮ ದೇಶೀಯ ಪದ್ಧತಿಯ ಕೆಲಸವದು. ಅದಕ್ಕಾಗಿ ಆಗಿನ ಸರ್ಕಾರವು ಅವರಿಗೆ 'ಜನೋಪಕಾರ ಕಾಮಕರ್ತ' ಎಂಬ ಬಿರುದನ್ನು ಕೊಟ್ಟಿತು. ಎಷ್ಟು ಚೆಲುವಾದ ಬಿರುದು! ಅವುಗಳಲ್ಲಿ ವೆಲ್ಲೆಸ್ಲಿ ಸೇತುವೆಯೆಂದು ಹೆಸರಾದದ್ದರ ಒಂದು ಭಾಗವು 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಪತ್ರಿಕೆಯಲ್ಲಿ ಆ ಸಮಾಚಾರವನ್ನೋದಿ ನಮ್ಮಲ್ಲಿ ಅನೇಕರು ಅಯ್ಯೋ ಎಂದೆವು. ಅಯ್ಯೋ ಎಂದು ಪತ್ರಿಕೆಯನ್ನು ಮಡಿಸಿಟ್ಟೆವು.

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಮರಳಿ ಮರಳಿ ಬರುವ ಒಂದು ಶ್ಲೋಕದ ಪರಿಚಯವಿರುತ್ತದೆ. ತಾನು ದಾನ ಮಾಡುವುದು, ಹಿಂದಿನವರು ಮಾಡಿದ ದಾನವನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಮೇಲು. ಕೊಟ್ಟವನಿಗಿಂತಲೂ ಪಾಲಿಸಿದವನಿಗೆ ಹೆಚ್ಚಿನ ಪದವಿ, ಎಂದು ಅದರ ಅಭಿಪ್ರಾಯ. ಕೊಡುವವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿದವರೇ, ಅದೇ ಕಲ್ಲಿನ ಕೊನೆಯಲ್ಲಿ, ಹೆಸರಿಲ್ಲದ ಪಾಲಕನನ್ನು ಅವನಿಗಿಂತ ಮೇಲಕ್ಕೆ ಕೂರಿಸಿದ್ದಾರೆ. ಈ ತತ್ತ್ವವನ್ನು ಬರೆದಿಟ್ಟವರು ನಾವು. ಶಾಸನವನ್ನು ಓದದ ಪೊಕಿಪ್ಸಿಯ ಜನರು ಅದನ್ನು ಆಚರಿಸಿ ತೋರಿಸಿದರು.

ನಮ್ಮ ಊರುಗಳಲ್ಲಿಯೂ ವಂತಿಗೆಯೆತ್ತುವುದು ಹೊಸದೇನೂ ಅಲ್ಲ. ರಥೋತ್ಸವಕ್ಕೆ, ರಾಮನವಮಿಯ ಸಂಗೀತಕ್ಕೆ, ಗಣಪತಿಯ ಚಪ್ಪರಕ್ಕೆ ಮನೆಮನೆಯವರೂ ಯಥಾಶಕ್ತಿ ಕೊಡುತ್ತೇವೆ. ಹಾಗೆ ಕೊಟ್ಟುದರಿಂದಲೇ ಆ ಉತ್ಸವವು ನಮ್ಮದೆನಿಸುತ್ತದೆ. ತೇರಿನ ಹಗ್ಗಕ್ಕೆ ಕೈಹಚ್ಚುವಾಗ ಯಾರೂ ಇದು ಸರ್ಕಾರದ ತೇರೆಂದು ದೂರ ನಿಲ್ಲುವುದಿಲ್ಲ. ಆದರೆ ಊರ ಕೆರೆಯ ಏರಿಯ ಮೇಲೆ ಸಂಜೆ ತಿರುಗಾಡುವ ದಾರಿ ಮುಳ್ಳುಗಂಟಿ ಬೆಳೆದು ಮುಚ್ಚಿಹೋದರೆ, ಹಳೆಯ ಸೋಪಾನದ ಕಲ್ಲು ಕದಲಿದರೆ, ಅದು ಪಂಚಾಯಿತಿಯ ಕೆಲಸವೆಂದು ಸುಮ್ಮನಾಗುತ್ತೇವೆ. ಪಂಚಾಯಿತಿಯ ಕೆಲಸವೆಂಬುದು ನಿಜವೇ. ಆದರೂ ಹತ್ತು ಮನೆಗಳವರು ಕೂಡಿ, ತಲೆಗೆ ನೂರು ರೂಪಾಯಿ ಹಾಕಿ, ಮೊದಲು ಆ ಮುಳ್ಳನ್ನು ತಾವೇ ಕಡಿಸಿದರೆ, ಆಮೇಲೆ ಪಂಚಾಯಿತಿಯ ಬಾಗಿಲಲ್ಲಿ ನಿಂತು ಕೇಳುವಾಗ ಅವರ ದನಿಗೆ ಬೇರೆಯ ತೂಕ ಬರುತ್ತದೆ.

ಎಲ್ಲ ಊರಿಗೂ ಹಡ್ಸನ್ನಿನಂಥ ಸೇತುವೆ ಇರುವುದಿಲ್ಲ. ಆದರೆ ಯಾರದೂ ಅಲ್ಲವೆಂದು ಬಿಟ್ಟ ಒಂದು ದಾರಿಯಾದರೂ, ಒಂದು ಕಲ್ಯಾಣಿಯಾದರೂ, ಒಂದು ಹಳೆಯ ಮಂಟಪವಾದರೂ ಇರದ ಊರು ನಮ್ಮಲ್ಲಿ ಅಪರೂಪ. ಅದನ್ನು ನಮ್ಮದೆಂದು ಹೇಳುವುದಕ್ಕೆ ಖರ್ಚು ಹೆಚ್ಚಾಗುವುದಿಲ್ಲ. ಹೇಳಿದ ಮೇಲೆ ಹನ್ನೆರಡು ವರ್ಷವಾದರೂ ಬಿಡದೆ ಹಿಡಿದುಕೊಂಡಿರುವುದೇ ಕಷ್ಟ. ಆ ಕಷ್ಟವನ್ನು ಹೊರಬಲ್ಲವರು ಊರಿಗೆ ನಾಲ್ಕು ಮಂದಿ ದೊರೆತರೂ ಸಾಕು, ಉಳಿದವರು ಕೂಡಿಕೊಳ್ಳುತ್ತಾರೆ.